ಊರ ವಾಸನೆ ಲೆಕ್ಕಕ್ಕಿಲ್ಲ

ನಮ್ಮೂರಿಗೆ ಬಾಡಿಗೆಗೆ ಬರುವವರು ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳುವ ಮೊದಲು, ಅಕ್ಕಪಕ್ಕದ ಮನೆಯವರು ಏನಾದರೂ ಬರೆದಿದ್ದಾರಾ ಅಂತ ಕೇಳುತ್ತಾರೆ. ಕೇಳಲೇಬೇಕು ಮತ್ತೆ. ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಲೇಖನ ಬರೆದವರ ಮನೆ ಪಕ್ಕದಲ್ಲಿದ್ದರೆ ಯಾವ ಹೊತ್ತಿನಲ್ಲಿ ಎಂಥ ವಾಸನೆ ಬಂದು ಮೂಗಿಗೆ ಬಡಿಯುತ್ತದೋ ಹೇಳಲು ಬರುವುದಿಲ್ಲ. ಎಲ್ಲೋ ದೂರದ ಬಂದರಿನಲ್ಲಿ ಒಬ್ಬ ಕೂತು ಆ ಲೇಖನ ತೆರೆದು ಓದಲು ಶುರುಮಾಡಿದ ಅಂದರೆ, ಇಲ್ಲಿ ಬರೆದವರ ನಡುಮನೆಯಲ್ಲಿ ಉಪ್ಪುಗಾಳಿ, ಹಡಗಿನ ಎಣ್ಣೆಯ ವಾಸನೆ. ಅವನು ಓದಿ ಮುಚ್ಚಿಟ್ಟ ಅಂದರೆ ವಾಸನೆಯೂ ಹೋಯಿತು. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನನಗೆ ಗೊತ್ತಿರುವುದು ಮೆಸ್ ನಡೆಸುವುದು.

ಎಲ್ಲರೂ ಹೊಂದಿಕೊಂಡಿದ್ದಾರೆ ಅನ್ನಿ. ಮೂಲೆಮನೆಯ ಭೂಗೋಳದ ಮೇಷ್ಟ್ರು ಕೆರೆಗಳ ಹೂಳಿನ ಬಗ್ಗೆ ಬರೆದದ್ದನ್ನು ಯಾರೋ ಮಧ್ಯಾಹ್ನದ ಹೊತ್ತು ಮೀನು ಹುರಿಯುವ ಜಾಗದಲ್ಲಿ ಕೂತು ಓದುತ್ತಾರೆ. ಮೇಷ್ಟ್ರ ತಾಯಿ ಈರುಳ್ಳಿಯನ್ನೂ ಮುಟ್ಟದ ಮುದುಕಿ. ಮೊದಮೊದಲು ಮನೆಗೆಲ್ಲ ಗಂಜಲ ಚಿಮುಕಿಸಿ ರಂಪ ಮಾಡಿದರು. ಈಗ ಮೀನಿನ ವಾಸನೆ ಸ್ವಲ್ಪ ತಡವಾದರೆ ಸಾಕು, "ಆ ಮಗೂಗೆ ಹುಷಾರಿಲ್ವೇನೋ, ಇನ್ನೂ ಓದೋಕೆ ಕೂತಿಲ್ಲ" ಅಂತ ಅವರೇ ಒಳಗೂ ಹೊರಗೂ ಓಡಾಡುತ್ತಾರೆ. ಇನ್ನೊಂದು ಮನೆಯಲ್ಲಿ ಫಿನಾಯಿಲ್ ವಾಸನೆ ಬಂದಾಗೆಲ್ಲ ಸೊಸೆ ಮಕ್ಕಳನ್ನು ಆಟ ನಿಲ್ಲಿಸಿ ಸುಮ್ಮನೆ ಕೂರಿಸುತ್ತಾಳೆ. ಓದುತ್ತಿರುವವರು ಆಸ್ಪತ್ರೆಯಲ್ಲಿದ್ದಾರೆ, ಗಲಾಟೆ ಮಾಡಬಾರದಂತೆ. ಗಲಾಟೆ ಅಲ್ಲಿಗೆ ಕೇಳಿಸುವುದಿಲ್ಲ ಅಂತ ಅವಳಿಗೂ ಗೊತ್ತು, ಆದರೂ.

ನಾನು ಪುಟ್ಟನಂಜಮ್ಮ. ಕಾಲೇಜು ರಸ್ತೆಯಲ್ಲಿ ನನ್ನ ಊಟದ ಮೆಸ್ಸು. ನನ್ನ ಗೋಡೆಗೆ ಗೋಡೆ ಹೊಂದಿಕೊಂಡ ಮನೆಯಲ್ಲಿ ವಾರಿಜ ಇರುತ್ತಾಳೆ, ಕಾಲೇಜಿನಲ್ಲಿ ಪಾಠ ಹೇಳುವವಳು. ಮದುವೆ ಆಗಲಿಲ್ಲ, ಆಗಬೇಕು ಅಂತ ಅವಳಿಗೆ ಅನ್ನಿಸಲೂ ಇಲ್ಲ. ತಾಯಿ ಅಂಬುಜಮ್ಮನೋರು ಇರುವವರೆಗೆ ತಾಯಿ, ಆಮೇಲೆ ಪುಸ್ತಕ. ಊಟ ನನ್ನಲ್ಲೇ. ಎಲ್ಲರೂ ಅವಳನ್ನು ಮೇಡಂ ಅನ್ನುತ್ತಾರೆ, ನಾನು ಸಲಿಗೆಯಿಂದ ವಾರಿಜಮ್ಮ ಅನ್ನುತ್ತೇನೆ. ಈ ಕಥೆ ಅವಳದು. ನಾನು ಹೇಳುತ್ತಿದ್ದೇನೆ, ಯಾಕೆಂದರೆ ಅವಳು ಹೇಳುವ ಪೈಕಿ ಅಲ್ಲ.

ಮೊದಲು ಪತ್ರಿಕೆಯ ವಿಷಯ ಹೇಳಿಬಿಡುತ್ತೇನೆ. ಅದು ಕಾಗದದ ಪತ್ರಿಕೆಯಲ್ಲ, ಕಂಪ್ಯೂಟರಿನಲ್ಲಿ ಇರುವುದು. ಲೋಕದಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಬರೆದವರೂ ಕಾಸು ಕೊಡಬೇಕಾಗಿಲ್ಲ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಆದರೆ ಕಾಲೇಜಿನ ಹಿಂದಿನ ಕೋಣೆಯಲ್ಲಿ ಸರ್ವರ್ ಅಂತ ಒಂದು ಯಂತ್ರ ಹಗಲೂ ಇರುಳೂ ಗೊರಗುಟ್ಟುತ್ತಿರಬೇಕು, ಅದಕ್ಕೆ ತಂಪು ಮಾಡಬೇಕು, ಕರೆಂಟು ಕೊಡಬೇಕು, ಕೆಟ್ಟರೆ ರಿಪೇರಿ ಮಾಡಲು ಒಬ್ಬ ಹುಡುಗನಿಗೆ ಸಂಬಳ ಕೊಡಬೇಕು. ಮೊದಲು ಸರ್ಕಾರದ ಅನುದಾನ ಬರುತ್ತಿತ್ತು, ನಿಂತುಹೋಯಿತು. ಆಗ ನಗರದಿಂದ ಒಂದು ಕಂಪನಿಯವರು ಬಂದು, "ಎಲ್ಲಾ ನಾವೇ ನೋಡ್ಕೋತೀವಿ, ಬಾಗಿಲಿಗೆ ಒಂದು ಬೀಗ ಅಷ್ಟೆ, ದುಡ್ಡು ಕೊಟ್ಟವರು ಓದ್ತಾರೆ" ಅಂದರು. ನಮ್ಮವರು ಒಪ್ಪಿ ನೋಡಿದರು. ಅಬ್ಬಾ! ಮಾರನೇ ದಿನದಿಂದ ಊರಿನಲ್ಲಿ ಮೀನಿಲ್ಲ, ಫಿನಾಯಿಲ್ ಇಲ್ಲ, ಹೊಗೆಯಿಲ್ಲ, ಮಳೆ ಬಿದ್ದ ಮಣ್ಣಿನ ವಾಸನೆಯಿಲ್ಲ. ಎಲ್ಲ ಮನೆಗಳಿಗೂ ಒಂದೇ ವಾಸನೆ: ಏಸಿ ಹಾಕಿದ ಕೋಣೆಯದು, ಹೊಸ ಕುರ್ಚಿಯದು. ಮೂಲೆಮನೆ ಅಜ್ಜಿ ಊಟ ಬಿಟ್ಟರು. ಬೀಗ ಕೀಳಿಸಿ ಕಂಪನಿಯವರನ್ನು ಕೈಮುಗಿದು ಕಳಿಸಿದ್ದಾಯಿತು.

ಆಮೇಲೆ ಬರೆದವರೇ ದುಡ್ಡು ಕೊಡಲಿ ಅಂತ ಮಾಡಿದರು. ಕಂಟ್ರಾಕ್ಟರ್ ಒಬ್ಬರ ಅಳಿಯ ತಾನು ಬರೆದದ್ದನ್ನೆಲ್ಲ ತಂದು ಸುರಿದ, ಬಡ ಮೇಷ್ಟ್ರುಗಳು ಬರೆಯುವುದನ್ನೇ ಬಿಟ್ಟರು. ಅದನ್ನೂ ನಿಲ್ಲಿಸಿ ಕೊನೆಗೆ ಸಮಿತಿಯವರು ಈಗಿನ ಪದ್ಧತಿ ತಂದರು. ಯಾವ ಮನೆಗೆ ವಾಸನೆ ಬರುತ್ತದೋ ಆ ಮನೆಯವರು ಖರ್ಚಿನಲ್ಲಿ ಒಂದು ಪಾಲು ಕೊಡಬೇಕು. ವಾಸನೆ ಬರದ ಲೇಖನಕ್ಕೆ ಪಾಲು ಇಲ್ಲ, ಬರೆದವರು ಕೈಯಿಂದ ಹಾಕುತ್ತೇನೆ ಅಂದರೂ ತಗೊಳ್ಳುವ ಹಾಗಿಲ್ಲ, ಆ ಅಳಿಯನ ನೆನಪು ಇನ್ನೂ ಇತ್ತಲ್ಲ. ನೋಡಲು ನ್ಯಾಯವಾಗಿಯೇ ಇತ್ತು.

ಆದರೆ ನಮ್ಮ ಜನ ಸಾಮಾನ್ಯರೇ? ಕೆಲವರು ಪಾಲು ತಪ್ಪಿಸಿಕೊಳ್ಳಲು ಊದುಬತ್ತಿ ಹಚ್ಚಿ ವಾಸನೆ ಮುಚ್ಚಿದರು. ಇನ್ನು ಕೆಲವರು ಯಾರೂ ಓದದಿದ್ದರೂ ಜಂಬಕ್ಕೆ ಕಾಫಿಪುಡಿ ಸುಟ್ಟು "ಹೊರದೇಶದಿಂದ ಬಂತು" ಅಂದರು. ತಮ್ಮ ಲೇಖನವನ್ನು ತಾವೇ ಬೆಳಗಿನಿಂದ ಸಂಜೆವರೆಗೆ ತೆರೆದಿಟ್ಟುಕೊಂಡು ಕೂತವರೂ ಇದ್ದರು. ಹಾಗಾಗಿ ಪರಶಿವಯ್ಯನವರನ್ನು ನೇಮಿಸಿದರು. ಪೋಸ್ಟಾಫೀಸಿನಿಂದ ರಿಟೈರಾದವರು, ಒಳ್ಳೆಯ ಮನುಷ್ಯ, ಮೂಗು ಚುರುಕು. ಬೀದಿಗೆ ಒಂದು ದಿನ ಗೊತ್ತುಮಾಡಿ ಬಂದು ಮನೆಮನೆಯಲ್ಲಿ ಕೂತು ಮೂಸಿ ಹೇಳುತ್ತಾರೆ. ಅವತ್ತು ಆ ಬೀದಿಯಲ್ಲಿ ಒಲೆ ಹಚ್ಚುವಂತಿಲ್ಲ. ಊರಿನದೇ ವಾಸನೆ ಬಂದರೆ ಅದನ್ನು ಗಣಿಸುವಂತಿಲ್ಲ, ಬರೆದವರೇ ತೆರೆದು ಕೂತಿರಬಹುದಲ್ಲ. "ಊರ ವಾಸನೆ ಲೆಕ್ಕಕ್ಕಿಲ್ಲ" ಅನ್ನುವುದು ಅವರ ಬಾಯಲ್ಲಿ ಮಂತ್ರದ ಹಾಗೆ ಆಗಿಬಿಟ್ಟಿತ್ತು. ನನ್ನ ಮೆಸ್ಸಿಗೂ ಅವರಿಗೂ ಯಾವಾಗಲೂ ಜಗಳ. "ನಂಜಮ್ಮನೋರೇ, ನಿಮ್ಮ ಒಗ್ಗರಣೆ ಗೋಡೆಗೆ ಹತ್ತಿಬಿಟ್ಟಿದೆ, ಒಲೆ ಆರಿಸಿದ್ರೂ ಬರತ್ತೆ" ಅನ್ನುತ್ತಿದ್ದರು. "ಹಾಗಾದ್ರೆ ಗೋಡೆ ಕೆಡವಿ ಮೂಸಿ" ಅನ್ನುತ್ತಿದ್ದೆ.

ವಾರಿಜನ ಮನೆಗೆ ಮಾತ್ರ ಒಂದು ದಿನವೂ ಹೊರಗಿನ ವಾಸನೆ ಬಂದಿರಲಿಲ್ಲ.

ಅವಳು ಬರೆದದ್ದು ಒಂದೇ ಲೇಖನ. ಅಂಬುಜಮ್ಮನೋರಿಗೆ ಲಕ್ವ ಹೊಡೆದು ಮಾತು ಹೋಗಿತ್ತು. ಡಾಕ್ಟರುಗಳು ಇನ್ನೇನೂ ಮಾಡಲಾಗದು ಅಂದಮೇಲೆ ವಾರಿಜ ತಾನೇ ಎಲ್ಲೆಲ್ಲಿಯದೋ ಓದಿ, ಊರಿನಲ್ಲಿ ಹಾಗೆ ಮಾತು ಕಳೆದುಕೊಂಡವರ ಮನೆಗಳಿಗೆಲ್ಲ ಓಡಾಡಿ, ಒಂದು ದಾರಿ ಹಿಡಿದಳು. ಮಾತನ್ನು ಮಾತಾಗಿ ಕೇಳಬಾರದು. ಹಾಡಿನ ಹಾಗೆ ಏರಿಸಿ ಇಳಿಸಿ, ಎಡಗೈಯನ್ನು ತೊಡೆಯ ಮೇಲೆ ತಟ್ಟುತ್ತಾ, ಗುನುಗಿಸಬೇಕು. ಗುನುಗು ಮೊದಲು ಬರುತ್ತದೆ, ಅದರ ಬೆನ್ನ ಮೇಲೆ ಕೂತು ಮಾತು ಬರುತ್ತದೆ. ನಾನು ಗೋಡೆಯಾಚೆ ಕೇಳಿಸಿಕೊಂಡಿದ್ದೇನೆ. ಮೊದಲು ಬರೀ ಹೂಂ ಹೂಂ. ಆಮೇಲೆ ಒಂದು ಬೆಳಿಗ್ಗೆ "ಉಪ್ಪು" ಅಂತ ಅಂಬುಜಮ್ಮನೋರ ಗಂಟಲು ಕೇಳಿ ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದ್ದೆ. ತಾಯಿ ಮಗಳು ಇಬ್ಬರೂ ಅಳುತ್ತಿದ್ದರು, ನಾನೂ ಸೇರಿಕೊಂಡೆ.

ಅದನ್ನೆಲ್ಲ ಅವಳು ಲೇಖನವಾಗಿ ಬರೆದಳು. ಕೇಳಿ ಕಲಿಯಲಿ ಅಂತ ತಾಯಿಯ ಧ್ವನಿಯನ್ನೂ ಅದರ ಜೊತೆಗೆ ಇಟ್ಟಳು. ಆ ಧ್ವನಿಯ ಕೊನೆಯಲ್ಲಿ ಏನೋ ಮನೆಮಾತು ಉಳಿದುಕೊಂಡಿತ್ತಂತೆ, ಲೇಖನ ತಿದ್ದಿದ ದೊಡ್ಡವರು "ಅದು ಅಧ್ಯಯನಕ್ಕೆ ಸಂಬಂಧಿಸಿದ್ದಲ್ಲ, ಕತ್ತರಿಸಿ" ಅಂತ ಬರೆದು ಕಳಿಸಿದ್ದರಂತೆ. ಇವಳು ಮಿಕ್ಕಿದ್ದನ್ನೆಲ್ಲ ತಿದ್ದಿದಳು, ಅದೊಂದನ್ನು ಕತ್ತರಿಸಲಿಲ್ಲ. ಲೇಖನ ಹೊರಗೆ ಬರುವ ಹೊತ್ತಿಗೆ ಅಂಬುಜಮ್ಮನೋರು ಇರಲಿಲ್ಲ.

ಅಲ್ಲಿಂದ ಶುರುವಾಯಿತು ಅವಳ ಕಾಯುವಿಕೆ. ಸಂಜೆ ಕಾಲೇಜಿನಿಂದ ಬಂದವಳೇ ಕಿಟಕಿ ಪಕ್ಕ ಕೂರುತ್ತಿದ್ದಳು. ಎಲ್ಲಾದರೂ ಒಬ್ಬ ಮಗ, ಒಬ್ಬ ಸೊಸೆ, ಮಾತು ಹೋದವರನ್ನು ಎದುರಿಗೆ ಕೂರಿಸಿಕೊಂಡು ತೆರೆಯುತ್ತಾರೆ, ಅವರ ಮನೆಯ ವಾಸನೆ ಬರುತ್ತದೆ ಅಂತ. ಬರುತ್ತಿದ್ದದ್ದು ಏನು? ನನ್ನ ಒಗ್ಗರಣೆ, ಎದುರುಗಡೆ ಹೊಂಗೆಮರದ ಕೆಳಗೆ ಮಾಚಣ್ಣನ ಇಸ್ತ್ರಿ ಗಾಡಿಯ ಇದ್ದಿಲು. ನನ್ನ ಮೆಸ್ಸಿನಲ್ಲಿ ಎಲೆ ಎತ್ತಿ ನೆಲ ಒರೆಸಿದ ಮೇಲೆ ಬಂದು, ಆರಿದ ಅನ್ನ ಎರಡು ತುತ್ತು ತಿಂದು ಹೋಗುತ್ತಿದ್ದಳು. "ಹೊತ್ತಿಗೆ ಸರಿಯಾಗಿ ಬಂದು ಉಣ್ಣೋಕೇನು ದಾಡಿ ನಿಂಗೆ?" ಅಂದರೆ, "ಅಷ್ಟರಲ್ಲೇ ಬಂದುಬಿಟ್ರೆ, ನಂಜಕ್ಕ?" ಅನ್ನುತ್ತಿದ್ದಳು.

ಈ ವರ್ಷ ಯಂತ್ರ ಕೈಕೊಟ್ಟಿತು. ಹೊಸದು ತರಬೇಕು, ದುಡ್ಡು ಸಾಲದು. ಸಮಿತಿಯವರು ತಲೆ ಕೆಡಿಸಿಕೊಂಡು ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ವಾಸನೆಯಿಲ್ಲದ ಲೇಖನಗಳನ್ನು ಇಳಿಸಿಬಿಡುವುದು, ಹೊರೆ ಕಮ್ಮಿಯಾಗುತ್ತದೆ. ಅದರಲ್ಲೂ ವಾರಿಜನದು ಧ್ವನಿ ಇರುವುದರಿಂದ ಬೇರೆಯವರ ಲೇಖನಕ್ಕಿಂತ ಎಷ್ಟೋ ಪಟ್ಟು ಜಾಗ ಹಿಡಿಯುತ್ತದಂತೆ. ಕೊನೆಯ ಸಲ ಮೂಸಿ ನೋಡಿ, ಭಾನುವಾರದ ಸಭೆಯಲ್ಲಿ ಇತ್ಯರ್ಥ ಅಂದರು.

ನಮ್ಮ ಬೀದಿಯ ಮೂಸುವ ದಿನ ನಾನು ಮೆಸ್ಸಿಗೆ ರಜೆ ಕೊಟ್ಟೆ. ಒಲೆಯನ್ನು ನೀರು ಹಾಕಿ ತೊಳೆದೆ, ಮಸಾಲೆ ಡಬ್ಬಿಗಳನ್ನು ಬಟ್ಟೆ ಸುತ್ತಿ ಒಳಗಿಟ್ಟೆ. ಚರಂಡಿ ಅಗೆದಿದ್ದರಿಂದ ಮಾಚಣ್ಣನ ಗಾಡಿಯೂ ವಾರದಿಂದ ಬಸ್‌ಸ್ಟ್ಯಾಂಡ್ ಕಡೆ ಹೋಗಿತ್ತು. ಬೀದಿ ಅಂದರೆ ಬೀದಿ, ಒಂದು ಚೂರೂ ವಾಸನೆಯಿಲ್ಲ. ಪರಶಿವಯ್ಯನವರು ವಾರಿಜನ ನಡುಮನೆಯಲ್ಲಿ ಕೂತರು. ಅವಳು ಗೋಡೆಗೊರಗಿ ನಿಂತಿದ್ದಳು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ. ನಾನು ಬಾಗಿಲಲ್ಲಿ. ಮಧ್ಯಾಹ್ನ ಕಳೆಯಿತು, ಬಿಸಿಲು ಇಳಿಯಿತು, ಏನೂ ಇಲ್ಲ. ಪರಶಿವಯ್ಯನವರೂ ಪಾಪ, ಏಳಲು ಮನಸ್ಸಿಲ್ಲದೆ ಮತ್ತೆ ಮತ್ತೆ ಕರವಸ್ತ್ರದಿಂದ ಮೂಗು ಒರೆಸಿಕೊಂಡು ಕೂತೇ ಇದ್ದರು.

ಸಂಜೆಯ ಹೊತ್ತಿಗೆ ಬಂತು. ನನಗೂ ಬಂತು, ವಾರಿಜನಿಗೂ ಬಂತು, ಅವಳ ಮುಖ ಒಂದು ಕ್ಷಣ ಅರಳಿತು. ಪರಶಿವಯ್ಯನವರು ಕಣ್ಣು ಮುಚ್ಚಿ ಎಳೆದುಕೊಂಡರು. "ಇದ್ದಿಲು. ಒದ್ದೆ ಬಟ್ಟೆ ಮೇಲೆ ಬಿಸಿ. ಗಂಜಿ" ಅಂದರು. ಆಮೇಲೆ ಅವಳ ಮುಖ ನೋಡಲಾರದೆ ಚಪ್ಪಲಿ ಹುಡುಕುತ್ತಾ, "ಇಸ್ತ್ರಿ ವಾಸನೆ ಅಮ್ಮ. ಊರ ವಾಸನೆ ಲೆಕ್ಕಕ್ಕಿಲ್ಲ" ಅಂದರು.

"ಗೊತ್ತು ಸಾರ್. ಅದು ದಿನಾ ಬರತ್ತೆ. ಕಾಫಿ ಕುಡೀತೀರಾ?" ಅಂದಳು ವಾರಿಜ. ಒಲೆ ಹಚ್ಚುವಂತಿಲ್ಲ ಅನ್ನುವುದನ್ನೂ ಮರೆತಿದ್ದಳು.

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ? ಮಾಚಣ್ಣನ ಮೇಲೆ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುವ ದಿನ ಈ ಮಹಾರಾಯನಿಗೆ ಇಲ್ಲೇ ಎಲ್ಲೋ ಹಿತ್ತಲಲ್ಲಿ ಗಾಡಿ ನಿಲ್ಲಿಸಿ ಇದ್ದಿಲು ಹಚ್ಚಬೇಕಿತ್ತಾ? ಹಿತ್ತಲು ನೋಡಿದೆ, ಇಲ್ಲ. ಪಕ್ಕದ ಓಣಿ ನೋಡಿದೆ, ಇಲ್ಲ. ಸಿಟ್ಟು ಇಳಿಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸಂತೆಮಾಳ ದಾಟಿ ಅವನ ಮನೆಗೇ ನಡೆದೆ. ಅರ್ಧ ದಾರಿಯಲ್ಲಿ ನನಗೇ ಅನ್ನಿಸಿತು, ಇಷ್ಟು ದೂರದಿಂದ ಇಸ್ತ್ರಿ ವಾಸನೆ ನಮ್ಮ ಬೀದಿಗೆ ಹೇಗೆ ಬಂತು, ಗಾಳಿಯೂ ಆ ಕಡೆಗೇ ಬೀಸುತ್ತಿದೆಯಲ್ಲ ಅಂತ. ಆದರೂ ಹೊರಟ ಕಾಲು ನಿಲ್ಲಲಿಲ್ಲ.

ಮಾಚಣ್ಣನ ಹೆಂಡತಿ ಚಿಕ್ಕತಾಯಿ. ಮೊದಲು ಗಾಡಿ ಹತ್ತಿರ ಅವಳ ಬಾಯಿಯೇ ಬಾಯಿ, ಬೀದಿಯ ಈ ತುದಿಯಿಂದ ಆ ತುದಿವರೆಗೆ ಕೇಳುತ್ತಿತ್ತು. ಹೋದ ವರ್ಷ ಅವಳಿಗೂ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಮಾತು ನಿಂತಿತ್ತು. ಆಮೇಲೆ ಅವಳು ಮನೆಬಿಟ್ಟು ಬಂದಿರಲಿಲ್ಲ, ಕೈ ಬಿದ್ದಿದೆ ಅಂತಷ್ಟೇ ಮಾಚಣ್ಣ ಹೇಳಿದ್ದ, ಮಾತು ಹೋದದ್ದು ವಾರಿಜನಿಗೆ ಗೊತ್ತಿರಲಿಲ್ಲ. ಮಾಚಣ್ಣ ಸಂಜೆಗೆ ಬಟ್ಟೆಗಂಟು ಹೊತ್ತು ಮನೆಗೇ ಹೋಗಿ ಅವಳ ಎದುರಿಗೆ ಇಸ್ತ್ರಿ ಮಾಡುತ್ತಿದ್ದ.

ಅವನ ಬಾಗಿಲು ಅರೆ ತೆರೆದಿತ್ತು. ಬಾಯಿ ತೆರೆದು ಬೈಯಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅಂಬುಜಮ್ಮನೋರು ಮಾತಾಡಿದರು.

"ಉಪ್ಪು" ಅಂದರು. ಅದೇ ಗಂಟಲು, ಅದೇ ಏರಿಳಿತ. ನನ್ನ ಕಾಲು ಅಲ್ಲೇ ನಿಂತಿತು. ಹಿಂದೆಯೇ ಇನ್ನೊಂದು ಒಡೆದ ಗಂಟಲು, "ಉ... ಪ್ಪು" ಅಂತು. "ಬಾಗ್ಲು" ಅಂದರು ಅಂಬುಜಮ್ಮನೋರು. "ಬಾ... ಗ್ಲು." ಇಣುಕಿ ನೋಡಿದೆ. ಚಿಕ್ಕತಾಯಿ ಗೋಡೆಗೆ ಆನಿಕೊಂಡು ಕೂತಿದ್ದಾಳೆ, ಎಡಗೈ ತೊಡೆಯ ಮೇಲೆ ತಟ್ಟುತ್ತಿದೆ. ಮುಂದೆ ತಲೆದಿಂಬಿಗೆ ಒರಗಿಸಿಟ್ಟ ಫೋನು. ಮಾಚಣ್ಣ ಇಸ್ತ್ರಿ ಪೆಟ್ಟಿಗೆ ಎಳೆಯುತ್ತಾ ಅದೇ ತಾಳಕ್ಕೆ ತಲೆ ತೂಗುತ್ತಿದ್ದಾನೆ. ಮೂಲೆಯಲ್ಲಿ ಗಂಜಿಯ ತಪ್ಪಲೆ.

ನನ್ನನ್ನು ನೋಡಿ ಮಾಚಣ್ಣ ಬೆಚ್ಚಿಬಿದ್ದು ಫೋನು ಆರಿಸಿದ. ಕಳ್ಳನ ಹಾಗೆ ಎದ್ದು ನಿಂತ. "ನಂಜವ್ವಾ, ಯಾರ್ಗೂ ಹೇಳ್ಬ್ಯಾಡಿ. ಬಟ್ಟೆ ಕೊಡಾಕೆ ಬರೋ ಕಾಲೇಜ್ ಹುಡ್ಗಿ ಹಾಕ್ಕೊಟ್ಟಿದ್ದು. ಒಂದ್ ಕಾಸೂ ಕೊಟ್ಟಿಲ್ಲ ನಾವು. ಓದೋರ್ಗೆ ಇಟ್ಟಿರೋದು, ನಾವು ಸುಮ್ನೆ ಕದ್ದು ಕೇಳ್ತಿದೀವಿ."

"ಅಯ್ಯೋ ಪೆದ್ದಾ" ಅಂದೆ. "ಅದು ಇಟ್ಟಿರೋದೇ ಹಿಂಗೆ ಕೇಳ್ಲಿ ಅಂತ ಕಣಯ್ಯ. ಕದಿಯೋಕೆ ಅದರಲ್ಲಿ ಬೀಗ ಎಲ್ಲಿದೆ? ಅವಳು ಕಿಟಕೀಲಿ ಕೂತು ಪ್ರಪಂಚದ ವಾಸನೆಯೆಲ್ಲ ಕಾಯ್ತಾ ಇದಾಳೆ. ನೀನು ದಿನಾ ಅವಳ ಗೇಟ್ ಮುಂದೆ ನಿಂತು ಬಾಯಿ ಬಿಟ್ಟಿಲ್ವಲ್ಲ!"

ಭಾನುವಾರ ಅದನ್ನು ತೆಗೆದುಹಾಕುತ್ತಾರೆ ಅನ್ನುವುದನ್ನೂ ಹೇಳಿದೆ. ಈಗಲೇ ವಾರಿಜನ ಹತ್ತಿರ ಹೋಗಿ ಹೇಳೋಣ ನಡಿ ಅಂತ ನಾನು ತಿರುಗಿದೆ. ಚಿಕ್ಕತಾಯಿ ನನ್ನ ಸೀರೆ ಹಿಡಿದಳು. ಆ ಎಡಗೈಯ ಬಿಗಿ ಎಷ್ಟಿತ್ತು ಅಂತೀರಿ! ತನ್ನ ಎದೆ ತಟ್ಟಿಕೊಂಡಳು, ತನ್ನ ಬಾಯಿ ತೋರಿಸಿದಳು, ಮತ್ತೆ ಎದೆ ತಟ್ಟಿಕೊಂಡಳು.

"ಅವ್ಳೇ ಹೇಳ್ಬೇಕಂತೆ" ಅಂದ ಮಾಚಣ್ಣ. "ಮೊದ್ಲಿಂದ್ಲೂ ಅದೇ ಹಟ. ಪೂರ್ತಿ ಮಾತು ಬಂದ್ಮೇಲೆ ಟೀಚರಮ್ಮನ ಹತ್ರ ಹೋಗಿ ತನ್ ಬಾಯಲ್ಲೇ ಹೇಳ್ತೀನಿ ಅಂತ."

ನನ್ನಂಥವಳಿಗೆ ಒಂದು ವಿಷಯ ಬಾಯಲ್ಲಿಟ್ಟುಕೊಂಡು ಭಾನುವಾರದವರೆಗೆ ಕಾಯುವುದು ಎಂಥ ಶಿಕ್ಷೆ ಅಂತ ನಿಮಗೆ ಗೊತ್ತಿಲ್ಲ. ನಾಲಿಗೆ ಕಚ್ಚಿಕೊಂಡೇ ಅನ್ನ ಬಡಿಸಿದೆ. ವಾರಿಜ ಮಾರನೇ ದಿನ ಊಟಕ್ಕೆ ಬಂದು, "ನಿನ್ನೆ ನೀವು ಹೊರಟು ಸ್ವಲ್ಪ ಹೊತ್ತಿಗೆ ಆ ವಾಸನೆ ಫಕ್ಕನೆ ನಿಂತೇಹೋಯ್ತು ನಂಜಕ್ಕ, ಮಾಚಣ್ಣನ ಮೇಲೆ ಕೂಗಾಡಿದ್ರಾ? ಪಾಪ, ಅವನೇನು ಮಾಡ್ತಾನೆ" ಅಂದಾಗ ಸಾರಿನ ಸೌಟು ನನ್ನ ಕೈಯಿಂದ ಜಾರಿತು.

ಸಭೆ ಕಾಲೇಜಿನ ಹಾಲಿನಲ್ಲಿ. ಬರೆದವರು, ಬರೆದವರ ಮನೆಯವರು ಎಲ್ಲ ಸೇರಿದ್ದರು. ಸಮಿತಿಯ ಅಧ್ಯಕ್ಷರು ಕೆಟ್ಟವರೇನಲ್ಲ. "ಎಲ್ಲಾ ಉಳಿಸ್ಬೇಕು ಅಂತ ಹೊರಟ್ರೆ ಮತ್ತೆ ಕಂಪನಿಯವರ ಕಾಲು ಹಿಡೀಬೇಕಾಗತ್ತೆ. ಬೀಗ ಬೇಕಾ ನಿಮಗೆ? ಕೆಲವನ್ನ ಇಳಿಸದೆ ಬೇರೆ ದಾರಿಯಿಲ್ಲ" ಅಂದರು. ವಾರಿಜನ ಹೆಸರು ಬಂದಾಗ ಅವರೇ ದನಿ ತಗ್ಗಿಸಿ, "ಮೇಡಂ, ನಿಮ್ಮ ತಾಯಿಯವರ ಧ್ವನಿಯನ್ನ ನೀವು ಮನೇಲಿ ಇಟ್ಕೋಬಹುದು. ಅದು ಎಲ್ಲಿಗೂ ಹೋಗಲ್ಲ" ಅಂದರು.

ವಾರಿಜ ಎದ್ದು ನಿಂತಳು. ಜಗಳವಾಡುವವಳಲ್ಲ ಅವಳು. "ಮನೇಲಿದ್ರೆ ಅದು ನನ್ನ ಅಳು ಸಾರ್, ಅಷ್ಟೆ. ಅಲ್ಲಿದ್ರೆ ಯಾವತ್ತೋ ಯಾರಿಗೋ ಮಾತಾಗುತ್ತೆ ಅಂತ ಆಸೆ ಇತ್ತು" ಅಂದಳು. "ಯಾರಿಗೂ ಬೇಡ ಅಂದ್ಮೇಲೆ ನಾನು ಹಟ ಮಾಡಬಾರದು. ಇಳಿಸಿ" ಅಂತ ಕೂತಳು. ಪರಶಿವಯ್ಯನವರು ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು.

ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಬಂದರು. ಮಾಚಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಚಿಕ್ಕತಾಯಿ ಗಂಜಿ ಹಾಕಿದ ಹಸಿರು ಸೀರೆ. ಅವನ ಭುಜ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತಾ, ಸಾಲು ಕುರ್ಚಿಗಳ ನಡುವೆ ನಡೆದು ವಾರಿಜನ ಮುಂದೆ ಬಂದು ನಿಂತಳು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಾರಿಜ ಗಾಬರಿಯಾಗಿ ಎದ್ದು ತನ್ನ ಕುರ್ಚಿ ಕೊಡಲು ಹೋದಳು. ಚಿಕ್ಕತಾಯಿ ಬೇಡ ಅಂತ ತಲೆಯಾಡಿಸಿದಳು.

ಹೇಳಬೇಕಾದ ಮಾತನ್ನು ಅವರಿಬ್ಬರೂ ಆ ನಾಲ್ಕು ದಿನ ಮನೆಯಲ್ಲಿ ಎಷ್ಟು ಅಭ್ಯಾಸ ಮಾಡಿದ್ದರೋ. "ನಿಮ್ಮ ಬರಹದಿಂದ ನನಗೆ ಮಾತು ಬಂತು" ಅಷ್ಟೇ ಹೇಳಬೇಕಾಗಿದ್ದದ್ದು, ಮಾಚಣ್ಣ ಆಮೇಲೆ ನನಗೆ ಹೇಳಿದ. ಆದರೆ ಅಷ್ಟು ಜನರ ಮುಂದೆ ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಬೆವರು ಇಳಿಯಿತು. ಯಾರೋ "ಪಾಪ, ಕೂರಿಸ್ರಪ್ಪ" ಅಂದರು. ಮಾಚಣ್ಣ ಹೆಂಡತಿಯ ಮುಖ ಬಿಟ್ಟು ನೆಲ ನೋಡತೊಡಗಿದ. ನನಗೆ ಹೋಗಿ ತಬ್ಬಿಕೊಂಡುಬಿಡೋಣ ಅನ್ನಿಸಿತು.

ಆಗ ಚಿಕ್ಕತಾಯಿಯ ಎಡಗೈ ತನ್ನ ತೊಡೆಯ ಮೇಲೆ ಬಿತ್ತು. ಒಂದು ಸಲ, ಇನ್ನೊಂದು ಸಲ. ಗುನುಗಿದಳು. ವಾರಿಜ ತಲೆಯೆತ್ತಿದಳು. ಆ ತಟ್ಟುವಿಕೆ ಅವಳು ತಾಯಿಗೆ ಕಲಿಸಿದ್ದೇ ಅಲ್ಲವೇ.

"ಉಪ್ಪು" ಅಂದಳು ಚಿಕ್ಕತಾಯಿ.

ಸಭೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. "ಬಾಗ್ಲು" ಅಂದಳು. "ಹಾಲು. ಬೆಳ್ಕು." ಹೇಳಬೇಕಾದ ವಾಕ್ಯ ಕೈಕೊಟ್ಟಿತ್ತಲ್ಲ, ಕಲಿತ ಪಾಠವನ್ನೇ ಮೊದಲಿನಿಂದ ಹಿಡಿದಿದ್ದಳು, ಒಂದನ್ನೂ ಬಿಡದೆ, ಅದೇ ವರಸೆಯಲ್ಲಿ, ಅಂಬುಜಮ್ಮನೋರ ಏರಿಳಿತದಲ್ಲೇ. ವಾರಿಜ ಬಾಯಿಗೆ ಕೈ ಅಡ್ಡ ಹಿಡಿದಳು. ಚಿಕ್ಕತಾಯಿಗೆ ಈಗ ಹೆದರಿಕೆ ಹೋಗಿತ್ತು, ಪಾಠ ತಾನಾಗಿ ಓಡುತ್ತಿತ್ತು. ಕೊನೆಗೆ ಬಂದು, ಕೊನೆಯ ಪಾಠವನ್ನೂ ಹೇಳಿದಳು, ಅದೂ ಪಾಠವೇ ಅಂದುಕೊಂಡು ಮೊದಲಿನಿಂದ ಕಲಿತದ್ದನ್ನು:

"ವಾರಿಜಾ, ಸಾಕು ಕಣೆ. ಬಾ, ಊಟ ಮಾಡು."

ಮಾಚಣ್ಣ ಹೌಹಾರಿ, "ಲೇ, ಟೀಚರಮ್ಮಂಗೆ ಹಂಗೆಲ್ಲ ಅಂತಾರೇನೇ! ತಪ್ಪಾಯ್ತು ಅವ್ವಾ, ಅದ್ರಾಗೆ ಹಂಗೇ ಐತೆ, ಅವ್ಳು ಅಲ್ಲಿರಾದನ್ನೇ..." ಅಂತ ಕೈಮುಗಿಯುತ್ತಿದ್ದ. ಅವನ ಮಾತು ಯಾರು ಕೇಳುತ್ತಿದ್ದರು? ಅಂಬುಜಮ್ಮನೋರು ಹೋದಮೇಲೆ ಈ ಊರಿನಲ್ಲಿ ವಾರಿಜನನ್ನು ಕಣೆ ಅನ್ನುವವರು ಒಬ್ಬರೂ ಇರಲಿಲ್ಲ. ಅವಳು ಚಿಕ್ಕತಾಯಿಯ ಹೆಗಲ ಮೇಲೆ ಮುಖವಿಟ್ಟು ಮಗುವಿನ ಹಾಗೆ ಅತ್ತಳು. ಚಿಕ್ಕತಾಯಿ ಎಡಗೈಯಿಂದ ಅವಳ ಬೆನ್ನು ತಟ್ಟುತ್ತಿದ್ದಳು, ಅದೇ ತಾಳದಲ್ಲಿ.

ಸ್ವಲ್ಪ ಹೊತ್ತಿನ ಮೇಲೆ ಪರಶಿವಯ್ಯನವರು ಎದ್ದರು. "ಇದ್ದಿಲು, ಒದ್ದೆ ಬಟ್ಟೆ, ಗಂಜಿ" ಅಂದರು ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಅಧ್ಯಕ್ಷರೇ, ಆ ವಾಸನೆ ಇವರ ಮನೆಯಿಂದ ಬರ್ತಿತ್ತು. ಊರ ವಾಸನೆ ಅಂತ ನಾನು ಇನ್ನೆಷ್ಟು ಮನೇಲಿ ಬಿಟ್ಟುಬಂದಿದೀನೋ." ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾವಿ ನೀರಿನ ಬಗ್ಗೆ ಬರೆದವರ ಮನೆಗೆ ಬರುತ್ತಿದ್ದ ಹಸಿಮಣ್ಣಿನ ವಾಸನೆ, ಬಾಣಂತಿ ಪಥ್ಯದ ಬಗ್ಗೆ ಬರೆದವರ ಮನೆಗೆ ಬರುತ್ತಿದ್ದ ಸಾಂಬ್ರಾಣಿ, ಎಲ್ಲ ನಮ್ಮವೇ, ನಮ್ಮ ಓಣಿಗಳವೇ. ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅದೇನೋ ಸರಿ. ಬರೆದವರು ಪಾಲು ಕೊಟ್ರೂ ಹೊಸ ಯಂತ್ರಕ್ಕೆ ಸಾಲಲ್ಲ, ಮಿಕ್ಕಿದ್ದು ಯಾರು ಕೊಡ್ತಾರೆ?" ಅಂದರು ಅಧ್ಯಕ್ಷರು. ಅವರ ಕಷ್ಟ ಅವರಿಗೆ. ಮಾಚಣ್ಣ, "ನಮ್ದು ಬರ್ಕಳಿ ಸ್ವಾಮಿ" ಅಂದ. "ಓದೋರ ಹತ್ರ ಇಸ್ಕೊಂಡ್ರೆ ಅದು ಬೀಗ ಆಯ್ತಲ್ಲಪ್ಪ" ಅಂತ ಯಾರೋ ಅಂದರು. "ಬೀಗ ಹಾಕ್ದೋರು ಇಸ್ಕೋತಾರೆ. ನಾನಾಗೇ ಕೊಡಾದು ಬ್ಯಾರೆ" ಅಂದ ಅವನು. ಆಮೇಲೆ ಬಹಳ ಗಲಾಟೆಯಾಯಿತು, ಎಲ್ಲರೂ ಒಟ್ಟಿಗೆ ಮಾತಾಡಿದರು. ನಾನೂ ಸುಮ್ಮನಿರಲಾರದೆ, ಯಂತ್ರ ನೋಡುವ ಹುಡುಗನ ಎರಡು ಹೊತ್ತಿನ ಊಟ ನನ್ನದು ಅಂತ ಕೂಗಿಬಿಟ್ಟೆ. ಅವನು ಎಷ್ಟು ತಿನ್ನುತ್ತಾನೆ ಅಂತ ಆಗ ಗೊತ್ತಿರಲಿಲ್ಲ, ಗೊತ್ತಿದ್ದರೆ ಒಂದು ಹೊತ್ತು ಅಂತಿದ್ದೆ.

ಹೊಸ ಯಂತ್ರ ಇನ್ನೂ ಬಂದಿಲ್ಲ. ಹಳೆಯದನ್ನೇ ಅವನು ನನ್ನ ಮುದ್ದೆ ತಿಂದ ಬಲದಲ್ಲಿ ನೂಕುತ್ತಿದ್ದಾನೆ. ಈ ವರ್ಷ ಯಾವ ಲೇಖನವನ್ನೂ ಇಳಿಸಲಿಲ್ಲ, ಮುಂದಿನ ವರ್ಷದ್ದು ಮುಂದಿನ ವರ್ಷ. ದುಡ್ಡು ಸಾಲುತ್ತಿಲ್ಲ ಅಂತ ಅಧ್ಯಕ್ಷರು ಈಗಲೂ ಗೊಣಗುತ್ತಾರೆ, ಸುಳ್ಳಲ್ಲ. ಪರಶಿವಯ್ಯನವರು ಮಾತ್ರ ಈಗ ಮೂಸಲು ಬಂದಾಗ ಒಲೆ ಆರಿಸಿ ಅನ್ನುವುದಿಲ್ಲ, ಕೂತು ಒಂದು ಲೋಟ ಕಾಫಿ ಕುಡಿದು ಹೋಗುತ್ತಾರೆ.

ವಾರಿಜ ಈಗಲೂ ಸಂಜೆ ಕಿಟಕಿ ಹತ್ತಿರ ಕೂರುತ್ತಾಳೆ. ಇದ್ದಿಲು, ಗಂಜಿ ಬರುತ್ತದೆ. ಚಿಕ್ಕತಾಯಿಗೆ ಈಗ ಹೆಚ್ಚುಕಡಿಮೆ ಎಲ್ಲ ಮಾತೂ ಬರುತ್ತದೆ, ಗಂಡನನ್ನು ಬೈಯುವುದೂ ಬರುತ್ತದೆ, ಆದರೂ ದಿನಕ್ಕೊಮ್ಮೆ ಆ ಪಾಠ ಬಿಡುವುದಿಲ್ಲ. ಪಾಠ ಮುಗಿದು ಫೋನು ಆರಿಸಿದರೆ ಇಲ್ಲಿ ವಾಸನೆ ನಿಲ್ಲುತ್ತದೆ. ನಿಂತಿತು ಅಂದರೆ ಆ ಮನೆಯಲ್ಲಿ ಕೊನೆಯ ಮಾತು ಈಗಷ್ಟೇ ಆಯಿತು ಅಂತ. ಆಗ ಗೋಡೆಯಾಚೆ ಕುರ್ಚಿ ಸರಿಯುವ ಸದ್ದಾಗುತ್ತದೆ. ನಾನು ಎಲೆ ಹಾಕಿಟ್ಟಿರುತ್ತೇನೆ, ಅನ್ನ ಇನ್ನೂ ಹೊಗೆಯಾಡುತ್ತಿರುತ್ತದೆ.

"ನಂಜಕ್ಕ, ಬಡಿಸಿ" ಅಂತ ಬಂದು ಕೂರುತ್ತಾಳೆ.